ಕಲ್ಲಿನ ಡಬ್ಬಿ ಕೈಗೆ ಬಂತು, ಮುಂದೆ?

ದೊಡ್ಡಮ್ಮನ ಪಿತ್ತಕೋಶದ ಕಲ್ಲಿನ ಆಪರೇಷನ್ ಮುಗಿದ ಸ್ವಲ್ಪ ಹೊತ್ತಿಗೆ ನರ್ಸ್ ಹೊರಗೆ ಬಂದು ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ನನ್ನ ಕೈಗಿಟ್ಟರು. ಒಳಗೆ ಕಲ್ಲುಗಳು. ಕೆಲವು ಕಡಲೆಕಾಳಿನಷ್ಟು, ಕೆಲವು ಸಾಸಿವೆಯಷ್ಟು, ಹಳದಿಗೆ ತಿರುಗಿದ ಕಂದು ಬಣ್ಣ. ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು. ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು ಬೆಳಕಿಗೆ ಹಿಡಿದು ನೋಡಿದೆವು. ಹೊರಗೆ ಬಂತಲ್ಲ, ಇನ್ನೇನು, ಮುಗೀತು ಅಂದುಕೊಂಡೆವು.

ಮೂರನೇ ದಿನ ಮನೆಗೆ ಕರೆತಂದೆವು. ಐದನೇ ದಿನ ದೊಡ್ಡಮ್ಮ ಊಟ ಬೇಡ ಎಂದರು. ಹೊಟ್ಟೆ ಬಿಗಿ, ಸಣ್ಣಗೆ ಜ್ವರ. "ಗ್ಯಾಸ್ ಇರಬೇಕು, ಜೀರಿಗೆ ಕಷಾಯ ಕೊಡಿ" ಎಂದರು ಪಕ್ಕದ ಮನೆಯವರು. ಕೊಟ್ಟೆವು. ಹಾಗೇ ಒಂದೂವರೆ ದಿನ ಕಳೆಯಿತು. ಕೊನೆಗೆ ಆಸ್ಪತ್ರೆಗೆ ಓಡಿ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು: ಹೊಟ್ಟೆಯೊಳಗೆ ಪಿತ್ತರಸ ಸೋರುತ್ತಿತ್ತು. ಅದನ್ನು ಹೊರಗೆ ಬಸಿದರು, ಎಂಡೋಸ್ಕೋಪಿ ಮೂಲಕ ಸ್ಟೆಂಟ್ ಎಂಬ ಸಣ್ಣ ನಳಿಕೆ ಹಾಕಿದರು, ದೊಡ್ಡಮ್ಮ ಚೇತರಿಸಿಕೊಂಡರು. ಆದರೆ ಆ ಒಂದೂವರೆ ದಿನ ನನ್ನ ಮನಸ್ಸಿನಿಂದ ಹೋಗಿಲ್ಲ. ಯಾವುದು ಮಾಮೂಲಿ ನೋವು, ಯಾವುದು ಅಲ್ಲ ಅನ್ನುವುದು ನಮಗೆ ಮೊದಲೇ ಗೊತ್ತಿದ್ದರೆ ಅವರು ಅಷ್ಟು ನರಳಬೇಕಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಳಗಿನ ಪೈಪುಗಳನ್ನು ಅರ್ಥ ಮಾಡಿಕೊಳ್ಳೋಣ. ಇದು ಗೊತ್ತಾದರೆ ಮುಂದಿನದೆಲ್ಲ ಸಲೀಸು.

ಲಿವರ್ ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸ ತಯಾರಿಸುತ್ತದೆ. ಅದು ಮುಖ್ಯ ಪಿತ್ತನಾಳದಲ್ಲಿ ಇಳಿದು ಸಣ್ಣ ಕರುಳಿಗೆ ಸೇರುತ್ತದೆ. ಬೀದಿಯ ಮೇನ್ ಲೈನಿಗೆ ಪಕ್ಕದಿಂದ ಒಂದು ಸಣ್ಣ ಪೈಪು ಜೋಡಿಸಿ, ಅದರ ತುದಿಗೆ ಒಂದು ಚೀಲ ಕಟ್ಟಿದರೆ ಹೇಗಿರುತ್ತದೆ? ಪಿತ್ತಕೋಶ ಹಾಗೇ ಇರುವುದು. ಹಿಡಿಯುವುದು 30ರಿಂದ 50 ಮಿಲಿ, ಅಂದರೆ ಅರ್ಧ ಲೋಟ ಕಾಫಿಯಷ್ಟೂ ಅಲ್ಲ. ಪಿತ್ತರಸವನ್ನು ಗಟ್ಟಿ ಮಾಡಿ ಇಟ್ಟುಕೊಂಡು, ನಾವು ಜಿಡ್ಡಿನ ಊಟ ಮಾಡಿದಾಗ ಹಿಂಡಿ ಕೊಡುತ್ತದೆ. ಚೀಲ ತೆಗೆದರೂ ಮೇನ್ ಲೈನು ಹರಿಯುತ್ತಲೇ ಇರುತ್ತದೆ. ಹಾಗಾಗಿ ಪಿತ್ತಕೋಶ ಇಲ್ಲದೆಯೂ ಜನ ಆರಾಮಾಗಿ ಬದುಕುತ್ತಾರೆ.

ಈ ಮೇನ್ ಲೈನು ಕೆಳಗಿಳಿಯುವಾಗ ಪ್ಯಾಂಕ್ರಿಯಾಸಿನ, ಅಂದರೆ ಮೇದೋಜ್ಜೀರಕ ಗ್ರಂಥಿಯ ತಲೆಭಾಗದ ಮೂಲಕ ಹಾದು ಹೋಗುತ್ತದೆ. ಹೆಚ್ಚಿನವರಲ್ಲಿ ಪ್ಯಾಂಕ್ರಿಯಾಸಿನ ನಾಳವೂ ಅಲ್ಲೇ ಬಂದು ಸೇರಿ, ಎರಡೂ ಒಂದೇ ಬಾಯಿಯಿಂದ ಕರುಳಿಗೆ ತೆರೆದುಕೊಳ್ಳುತ್ತವೆ. ಪಿತ್ತಕೋಶದಿಂದ ಜಾರಿದ ಒಂದು ಸಣ್ಣ ಕಲ್ಲು ಆ ಬಾಯಿಗೆ ಸಿಕ್ಕಿಕೊಂಡರೆ ಕಾಮಾಲೆ ಬರಬಹುದು, ಪ್ಯಾಂಕ್ರಿಯಾಸೂ ಊದಿಕೊಳ್ಳಬಹುದು. ಪಿತ್ತಕೋಶಕ್ಕೂ ಪ್ಯಾಂಕ್ರಿಯಾಸಿಗೂ ಇರುವ ನಂಟು ಇದೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಿಡ್ನಿ ಕಲ್ಲಿಗೆ ಬಾಳೆದಿಂಡಿನ ರಸ ಕುಡಿಯುವವರು ಪಿತ್ತಕೋಶದ ಕಲ್ಲಿಗೂ ಅದನ್ನೇ ಕುಡಿಯುತ್ತಾರೆ. ಎರಡೂ ಬೇರೆ ಬೇರೆ ಜಾಗ, ಬೇರೆ ಬೇರೆ ಕಲ್ಲು. ಮೂತ್ರ ಜಾಸ್ತಿ ಹೋದರೆ ಪಿತ್ತಕೋಶದ ಕಲ್ಲು ಕದಲುವುದಿಲ್ಲ. ಹಾಗೆಂದು ಸ್ಕ್ಯಾನಿಂಗಿನಲ್ಲಿ ಕಲ್ಲು ಕಂಡವರೆಲ್ಲ ಆಪರೇಷನ್ ಮಾಡಿಸಿಕೊಳ್ಳಬೇಕು ಎಂದೂ ಇಲ್ಲ. ಯಾವ ತೊಂದರೆಯೂ ಇಲ್ಲದೆ ಸುಮ್ನೆ ಕೂತಿರುವ ಕಲ್ಲು ನೋವು ಕೊಡಲು ಶುರುಮಾಡುವುದು ವರ್ಷಕ್ಕೆ 100ರಲ್ಲಿ ಒಬ್ಬಿಬ್ಬರಿಗೆ. ನೋವು ಬಂದು ಹೋದವರ ಲೆಕ್ಕ ಬೇರೆ. ಅವರಿಗೆ ಅದು ಮತ್ತೆ ಮತ್ತೆ ಬರುವ ಸಾಧ್ಯತೆ ಜಾಸ್ತಿ. ಕಲ್ಲು ಮಾತ್ರ ತೆಗೆದು ಚೀಲ ಬಿಟ್ಟರೆ ಹೊಸ ಕಲ್ಲು ಹುಟ್ಟಬಹುದು, ಅದಕ್ಕೇ ಚೀಲವನ್ನೇ ತೆಗೆಯುತ್ತಾರೆ.

ತಪ್ಪುವುದು ಎಲ್ಲಿ?

ಪಿತ್ತಕೋಶವನ್ನು ಮೊದಲ ಬಾರಿಗೆ ಹೊಟ್ಟೆ ತೆರೆದು ತೆಗೆದದ್ದು ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಕ್, 1882ರಲ್ಲಿ. ನೂರು ವರ್ಷ ಅದೇ ದಾರಿ. 1985ರಲ್ಲಿ ಜರ್ಮನಿಯ ಎರಿಖ್ ಮ್ಯೂ ಲ್ಯಾಪ್ರೋಸ್ಕೋಪಿಯಿಂದ, ಅಂದರೆ ಸಣ್ಣ ತೂತುಗಳ ಮೂಲಕ ಒಳಗೆ ನೋಡುತ್ತಾ, ಮಾಡಿ ತೋರಿಸಿದರು. ಆಗ ಅವರ ದೇಶದ ಸರ್ಜನ್‌ಗಳೇ ಒಪ್ಪಲಿಲ್ಲ. 1990ರಲ್ಲಿ ಮುಂಬೈಯ ಡಾ. ತೆಹೆಮ್ಟನ್ ಉದ್ವಾಡಿಯಾ ಭಾರತದಲ್ಲಿ ಇದನ್ನು ಮೊದಲು ಮಾಡಿದರು. ಈಗ ನಾಲ್ಕು ಸಣ್ಣ ತೂತಿನ ಆಪರೇಷನ್ನೇ ಮಾಮೂಲಿ. ಗಾಯ ಚಿಕ್ಕದು, ನೋವು ಕಡಿಮೆ, ಮನೆಗೂ ಬೇಗ ಬರಬಹುದು.

ಆದರೆ ಒಂದು ತೊಂದರೆ ಇದರ ಜೊತೆಗೇ ಬಂತು. ಚೀಲಕ್ಕೆ ಹೋಗುವ ಸಣ್ಣ ಪೈಪಿಗೆ ಕ್ಲಿಪ್ ಹಾಕಿ ಕತ್ತರಿಸಬೇಕು. ಚೀಲವನ್ನು ಹಿಡಿದು ಎಳೆದಾಗ ಸಣ್ಣ ಪೈಪು ಮತ್ತು ಮೇನ್ ಲೈನು ಒಂದೇ ಗೆರೆಗೆ ಬಂದುಬಿಡುತ್ತವೆ. ಊದಿಕೊಂಡು, ಒಂದಕ್ಕೊಂದು ಅಂಟಿಕೊಂಡಿದ್ದರೆ ಬೇರೆ ಮಾಡಿ ನೋಡುವುದು ಇನ್ನೂ ಕಷ್ಟ. ಹಾಗಿದ್ದಾಗ ಮೇನ್ ಲೈನನ್ನೇ ಸಣ್ಣ ಪೈಪು ಎಂದು ತಿಳಿದು ಕತ್ತರಿಸಿಬಿಡುವ ಅಪಾಯವಿದೆ. ಹೀಗೆ ಪಿತ್ತನಾಳಕ್ಕೆ ಪೆಟ್ಟಾಗುವುದು 1000ದಲ್ಲಿ ಸುಮಾರು 3ರಿಂದ 5 ಮಂದಿಗೆ. ಅಂಕಿ ಚಿಕ್ಕದು. ಆದರೆ ಇಷ್ಟು ಜನ ಮಾಡಿಸಿಕೊಳ್ಳುವ ಆಪರೇಷನ್ನಿನಲ್ಲಿ ಅದು ಚಿಕ್ಕದಲ್ಲ.

ಇಲ್ಲಿ ನನಗೆ ತುಂಬ ಮುಖ್ಯ ಅನ್ನಿಸಿದ್ದು ಒಂದಿದೆ. ಈ ತಪ್ಪು ಹೆಚ್ಚಾಗಿ ಕೈ ನಡುಗಿ ಆಗುವುದಲ್ಲ, ಕಣ್ಣು ಮೋಸಹೋಗಿ ಆಗುವುದು. 1995ರಲ್ಲಿ ಅಮೆರಿಕದ ಸರ್ಜನ್ ಸ್ಟೀವನ್ ಸ್ಟ್ರಾಸ್‌ಬರ್ಗ್ ಇದಕ್ಕೆ ಒಂದು ನಿಯಮ ಕೊಟ್ಟರು. ಆ ಜಾಗದ ಕೊಬ್ಬು, ಪೊರೆ ಎಲ್ಲ ಬಿಡಿಸಿ, ಪಿತ್ತಕೋಶದ ಕೆಳಭಾಗವನ್ನು ಲಿವರಿನಿಂದ ಸ್ವಲ್ಪ ಬಿಡಿಸಿ, ಚೀಲಕ್ಕೆ ಹೋಗುತ್ತಿರುವುದು ಎರಡೇ ಎರಡು, ಒಂದು ನಾಳ ಒಂದು ರಕ್ತನಾಳ, ಎಂದು ಕಣ್ಣಾರೆ ಕಂಡ ಮೇಲೇ ಕತ್ತರಿ ಹಾಕಬೇಕು. ಕಾಣದಿದ್ದರೆ ಕತ್ತರಿಸಬಾರದು. ಚೀಲದ ಒಂದು ಭಾಗವನ್ನು ಬಿಟ್ಟು ಉಳಿದದ್ದನ್ನು ತೆಗೆಯಬಹುದು, ಹೊಟ್ಟೆ ತೆರೆದು ಮಾಡಬಹುದು, ಅಥವಾ ಡ್ರೈನ್ (ಒಳಗಿನ ದ್ರವ ಹೊರಗೆ ಬಸಿಯುವ ನಳಿಕೆ) ಇಟ್ಟು ನಿಲ್ಲಿಸಿ ಹೆಚ್ಚು ಅನುಭವ ಇರುವವರ ಹತ್ತಿರ ಕಳಿಸಬಹುದು.

"ಲ್ಯಾಪ್ರೋಸ್ಕೋಪಿ ಅಂತ ಹೇಳಿ ಕೊನೆಗೆ ಹೊಟ್ಟೆ ಕೊಯ್ದರು" ಎಂದು ಬೇಸರಪಡುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಒಳಗೆ ಸರಿಯಾಗಿ ಕಾಣದಿದ್ದಾಗ ಹಟ ಮಾಡದೆ ದಾರಿ ಬದಲಿಸಿದ ಸರ್ಜನ್ ನಿಮ್ಮ ಪಿತ್ತನಾಳ ಉಳಿಸಿದ್ದಾರೆ.

ನಾಳ ಕತ್ತರಿಸಿಹೋದರೆ ರಿಪೇರಿ ದೊಡ್ಡದು. ಸಣ್ಣ ಕರುಳಿನ ಒಂದು ತುಂಡನ್ನು ಮೇಲಕ್ಕೆ ತಂದು ಲಿವರಿನ ಹತ್ತಿರ ಉಳಿದ ನಾಳಕ್ಕೆ ನೇರವಾಗಿ ಹೊಲಿಯುತ್ತಾರೆ. ಮೊದಲ ರಿಪೇರಿ ಯಾರ ಕೈಯಲ್ಲಿ ಆಗುತ್ತದೆ ಅನ್ನುವುದರ ಮೇಲೆ ಮುಂದಿನ ಎಷ್ಟೋ ವರ್ಷ ನಿಂತಿದೆ. ಇಂಥ ರಿಪೇರಿಯನ್ನು ರೂಢಿಯಾಗಿ ಮಾಡುವ, ಲಿವರ್ ಮತ್ತು ಪಿತ್ತನಾಳದ ಸರ್ಜರಿಯಲ್ಲಿ ಪಳಗಿದವರ ಹತ್ತಿರವೇ ಹೋಗಬೇಕು. ಚೆನ್ನಾಗಿ ಆದ ರಿಪೇರಿಯೂ ವರ್ಷಗಳ ನಂತರ ಕಿರಿದಾಗಬಹುದು. ಆಗ ಚಳಿಜ್ವರ, ಕಾಮಾಲೆ ಮರುಕಳಿಸುತ್ತವೆ. ಅದಕ್ಕೇ ವರ್ಷಗಟ್ಟಲೆ ಚೆಕಪ್ ಬಿಡಬಾರದು.

ದೊಡ್ಡಮ್ಮನಿಗೆ ಆದದ್ದು ಇಷ್ಟು ದೊಡ್ಡದಲ್ಲ. ಕ್ಲಿಪ್ ಹಾಕಿದ ಮೊಂಡು ತುದಿಯಿಂದ, ಇಲ್ಲವೇ ಚೀಲ ಅಂಟಿಕೊಂಡಿದ್ದ ಜಾಗದ ಕೂದಲಿನಂಥ ನಾಳದಿಂದ ಪಿತ್ತರಸ ಸೋರುವುದುಂಟು. ಇಆರ್‌ಸಿಪಿ ಎಂಬ ಎಂಡೋಸ್ಕೋಪಿಯಲ್ಲಿ ಬಾಯಿಯ ಮೂಲಕ ಹೋಗಿ, ಪಿತ್ತನಾಳ ಕರುಳಿಗೆ ತೆರೆಯುವ ದ್ವಾರದಲ್ಲಿ ಸ್ಟೆಂಟ್ ಇಟ್ಟರೆ, ಪಿತ್ತರಸ ಸಲೀಸಾಗಿ ಕರುಳಿಗೆ ಇಳಿಯುತ್ತದೆ. ಒತ್ತಡ ತಗ್ಗಿದ ಮೇಲೆ ಸೋರುವ ತೂತು ತಾನಾಗೇ ಮುಚ್ಚಿಕೊಳ್ಳುತ್ತದೆ. ಆ ಪ್ಲಾಸ್ಟಿಕ್ ಸ್ಟೆಂಟನ್ನು ಕೆಲವು ವಾರಗಳ ನಂತರ ತೆಗೆಸಲೇಬೇಕು. ನೋವಿಲ್ಲ ಎಂದು ಮರೆತವರಿದ್ದಾರೆ. ತಿಂಗಳುಗಟ್ಟಲೆ ಬಿಟ್ಟರೆ ಅದು ಕಟ್ಟಿಕೊಂಡು ಸೋಂಕಾಗುತ್ತದೆ. ನಮ್ಮ ಮನೆಯಲ್ಲಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದೆವು.

ಹಾಗಾದರೆ ಮನೆಯಲ್ಲಿ ಏನು ನೋಡಬೇಕು? ಭುಜದ ನೋವಿಗೆ ಹೆದರಬೇಡಿ. ಹೊಟ್ಟೆ ಉಬ್ಬಿಸಲು ಇಂಗಾಲದ ಡೈಆಕ್ಸೈಡ್ ತುಂಬಿರುತ್ತಾರೆ, ಅದು ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಕೆಣಕುವುದರಿಂದ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಒಂದೆರಡು ದಿನಕ್ಕೆ ಹೋಗುತ್ತದೆ. ಮೊದಮೊದಲು ಜಿಡ್ಡು ತಿಂದರೆ ಭೇದಿ ಆಗುವುದೂ ಉಂಟು, ಬಹಳ ಮಂದಿಗೆ ತಾನಾಗಿ ಸರಿಹೋಗುತ್ತದೆ. ನಿಜವಾಗಿ ಗಮನಿಸಬೇಕಾದ್ದು ದಿನ ಹೇಗೆ ಸಾಗುತ್ತಿದೆ ಎಂಬುದನ್ನು. ಈ ಆಪರೇಷನ್ ಆದವರು ನಿನ್ನೆಗಿಂತ ಇವತ್ತು ಚೆನ್ನಾಗಿರಬೇಕು. ಚೆನ್ನಾಗಿದ್ದವರು ಮೂರನೇ, ಐದನೇ ದಿನ ಹಿಂದಕ್ಕೆ ಹೋಗುತ್ತಿದ್ದರೆ, ಅಂದರೆ ನೋವು ಏರುತ್ತಿದ್ದರೆ, ಹೊಟ್ಟೆ ಉಬ್ಬುತ್ತಿದ್ದರೆ, ಜ್ವರ, ವಾಂತಿ, ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಮಲ ಬೂದು ಬಿಳಿ ಆಗಿದ್ದರೆ, ಕಷಾಯ ಕಾಯಿಸುತ್ತಾ ಕೂರಬೇಡಿ. ಆಪರೇಷನ್ ಮಾಡಿದ ಕಡೆಗೇ ಹೊರಡಿ, ರಾತ್ರಿಯಾದರೂ ಸರಿ. ಪಿತ್ತನಾಳದೊಳಗೆ ಉಳಿದುಬಿಟ್ಟ ಕಲ್ಲು ಮಾತ್ರ ವಾರಗಳು, ತಿಂಗಳುಗಳ ನಂತರವೂ ಕಾಮಾಲೆಯಾಗಿ ತಲೆಯೆತ್ತಬಹುದು.

ಇನ್ನು ಕೆಲವರಿಗೆ ಪಿತ್ತಕೋಶ ತೆಗೆದರೂ ಹಳೇ ನೋವು ಹೋಗುವುದಿಲ್ಲ. ಎಷ್ಟೋ ಸಲ ಆ ನೋವು ಕಲ್ಲಿನದೇ ಆಗಿರುವುದಿಲ್ಲ, ಗ್ಯಾಸ್ಟ್ರಿಕ್ಕಿನದೋ ಕರುಳಿನದೋ ಆಗಿರುತ್ತದೆ. ಬಲಪಕ್ಕೆಯ ಕೆಳಗೆ ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ, ಊಟದ ನಂತರ ಬಂದು, ಗಂಟೆಗಟ್ಟಲೆ ಹಿಡಿದು ಬಿಡುವ ನೋವು ಕಲ್ಲಿನದು. ಬರೀ ಹೊಟ್ಟೆಯುಬ್ಬರ, ತೇಗು ಇದ್ದವರು ಆಪರೇಷನ್ನಿನಿಂದ ಅದು ಹೋಗುತ್ತದೆ ಎಂದು ನಂಬಿಕೊಂಡು ಹೋಗಬಾರದು.

ಡಬ್ಬಿಯ ವಿಷಯಕ್ಕೆ ಬಂದರೆ, ಕಲ್ಲು ಮನೆಗೆ ತಂದುಕೊಳ್ಳಿ, ಚೀಲ ಲ್ಯಾಬಿಗೆ ಹೋಗಿದೆಯಾ ಕೇಳಿ. ಕಲ್ಲಿಗೆಂದು ತೆಗೆದ ಪಿತ್ತಕೋಶದಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಸಿಗುತ್ತದೆ. ಗಂಗಾ ಬಯಲಿನ ಕಡೆ ಇದು ಜಾಸ್ತಿ, ನಮ್ಮ ಕಡೆ ಕಡಿಮೆ. ಆದರೂ ಬಯಾಪ್ಸಿ ರಿಪೋರ್ಟ್ ಕೈಗೆ ಬರುವವರೆಗೆ ಫೈಲು ಮುಚ್ಚಬೇಡಿ.

ಪ್ಯಾಂಕ್ರಿಯಾಸ್ ಮೃದು, ಅದೇ ಕಷ್ಟ

ಕಲ್ಲಿನಿಂದ ಪ್ಯಾಂಕ್ರಿಯಾಸ್ ಊದಿಕೊಂಡರೆ ಹೆಚ್ಚಿನವರಿಗೆ ವಾರದೊಳಗೆ ಇಳಿಯುತ್ತದೆ. ಆಮೇಲೆ "ಮನೆಗೆ ಹೋಗಿ ಸುಧಾರಿಸಿಕೊಂಡು ಬರುತ್ತೇವೆ" ಅನ್ನುವುದು ಸಹಜ. ಆದರೆ ಹಗುರವಾದ ಊತವಿದ್ದವರಿಗೆ ಅದೇ ಅಡ್ಮಿಷನ್ನಿನಲ್ಲಿ ಪಿತ್ತಕೋಶ ತೆಗೆಸುವುದು ಒಳ್ಳೆಯದು. 2015ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ, ಕೆಲವು ವಾರ ಬಿಟ್ಟು ಬಂದವರಲ್ಲಿ 100ಕ್ಕೆ 17 ಮಂದಿಗೆ ಮತ್ತೆ ಕಲ್ಲಿನ ತೊಂದರೆ ಕಾಡಿತು. ಆಗಲೇ ಮಾಡಿಸಿಕೊಂಡವರಲ್ಲಿ 5 ಮಂದಿಗೆ ಮಾತ್ರ.

ಊತ ಜೋರಾಗಿ ಗ್ರಂಥಿಯ ಭಾಗವೇ ಸತ್ತು, ಅದಕ್ಕೆ ಸೋಂಕಾದರೆ ಲೆಕ್ಕ ತಲೆಕೆಳಗು. ಹಿಂದೆ ಬೇಗ ಹೊಟ್ಟೆ ತೆರೆದು ಕೊಳೆತದ್ದನ್ನೆಲ್ಲ ತೆಗೆಯುತ್ತಿದ್ದರು, ತುಂಬ ಜನ ಉಳಿಯುತ್ತಿರಲಿಲ್ಲ. ಈಗ ಸಾಧ್ಯವಾದಷ್ಟು ಕಾಯುತ್ತಾರೆ. ನಾಲ್ಕು ವಾರ ಕಳೆದರೆ ಕೊಳೆತದ್ದರ ಸುತ್ತ ಗೋಡೆ ಕಟ್ಟಿಕೊಳ್ಳುತ್ತದೆ. ಮೊದಲು ಒಂದು ನಳಿಕೆ ಇಟ್ಟು ಬಸಿಯುತ್ತಾರೆ, ಸಾಲದಿದ್ದರೆ ಮಾತ್ರ ಮುಂದಿನ ಹೆಜ್ಜೆ. 2010ರಲ್ಲಿ ಬಂದ ಇನ್ನೊಂದು ಡಚ್ ಅಧ್ಯಯನದಲ್ಲಿ ಈ ದಾರಿ ಹಿಡಿದವರಲ್ಲಿ ಮೂರರಲ್ಲಿ ಒಬ್ಬರಿಗೆ ನಳಿಕೆಯೇ ಸಾಕಾಯಿತು. ಐಸಿಯು ಹೊರಗೆ ಕೂತ ಮನೆಯವರಿಗೆ "ಯಾಕೆ ಇನ್ನೂ ಆಪರೇಷನ್ ಮಾಡ್ತಿಲ್ಲ" ಅನ್ನಿಸುತ್ತದೆ. ಆ ಕಾಯುವಿಕೆಯೂ ಚಿಕಿತ್ಸೆಯೇ.

ಇನ್ನು ದೊಡ್ಡ ಆಪರೇಷನ್: ವಿಪ್ಪಲ್. ಪ್ಯಾಂಕ್ರಿಯಾಸಿನ ತಲೆಭಾಗದಲ್ಲಿ ಅಥವಾ ನಾಳಗಳು ಕರುಳಿಗೆ ತೆರೆಯುವ ದ್ವಾರದ ಬಳಿ ಗಡ್ಡೆ ಇದ್ದಾಗ ಮಾಡುವುದು. ನ್ಯೂಯಾರ್ಕಿನ ಅಲೆನ್ ವಿಪ್ಪಲ್ 1935ರಲ್ಲಿ ವರದಿ ಮಾಡಿದ್ದರಿಂದ ಆ ಹೆಸರು. ತಲೆಭಾಗ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ತುದಿ, ಕೆಲವೊಮ್ಮೆ ಜಠರದ ಸ್ವಲ್ಪ ಭಾಗ, ಎಲ್ಲ ಒಟ್ಟಿಗೆ ಹೋಗುತ್ತವೆ. ಆಮೇಲೆ ಉಳಿದ ಪ್ಯಾಂಕ್ರಿಯಾಸ್, ಪಿತ್ತನಾಳ ಮತ್ತು ಜಠರವನ್ನು ಕರುಳಿಗೆ ಹೊಲಿಯಬೇಕು. ಮೂರು ಜೋಡಣೆ. ಗಂಟೆಗಟ್ಟಲೆ ಕೆಲಸ.

ಈ ಮೂರರಲ್ಲಿ ಸರ್ಜನ್‌ಗೆ ನಿದ್ದೆ ಕೆಡಿಸುವುದು ಪ್ಯಾಂಕ್ರಿಯಾಸಿನ ಜೋಡಣೆ. ಆರೋಗ್ಯವಾಗಿರುವ ಪ್ಯಾಂಕ್ರಿಯಾಸ್ ಬೆಣ್ಣೆಯ ಹಾಗೆ ಮೃದು. ದಾರ ಹಾಕಿ ಬಿಗಿದರೆ ಹರಿಯುತ್ತದೆ. ಅದರ ನಾಳ ಎರಡು ಮೂರು ಮಿಲಿಮೀಟರ್ ಅಷ್ಟೇ ಇರಬಹುದು. ಹೊಲಿಗೆಯ ಸಂದಿಯಿಂದ ಹೊರಬರುವ ರಸವೋ, ಮಾಂಸ, ಕೊಬ್ಬು ಎಲ್ಲವನ್ನೂ ಅರಗಿಸುವ ರಸ. ಹೊರಗೆ ಸೋರಿದರೆ ಪಕ್ಕದಲ್ಲಿರುವುದನ್ನೇ ಅರಗಿಸಲು ಹೊರಡುತ್ತದೆ. ವಿಚಿತ್ರ ಅಂದರೆ, ಕಾಯಿಲೆಯಿಂದ ಗಟ್ಟಿಯಾದ ಗ್ರಂಥಿಯಲ್ಲೇ ಹೊಲಿಗೆ ಚೆನ್ನಾಗಿ ನಿಲ್ಲುತ್ತದೆ.

ಅದಕ್ಕೇ ಹಾಸಿಗೆಯ ಪಕ್ಕ ನೇತಾಡುವ ಡ್ರೈನ್ ಚೀಲದ ಮೇಲೆ ಎಲ್ಲರ ಕಣ್ಣು. ತೆಳು ಗುಲಾಬಿ ಅಥವಾ ತಿಳಿ ಹಳದಿ ನೀರು ಬರುತ್ತಾ ದಿನೇದಿನೇ ಕಡಿಮೆಯಾದರೆ ನಿರಾಳ. ಕದಡಿದ ಕಂದು, ಬೂದು, ಹಸಿರು ಕಂಡರೆ ಸೋರಿಕೆಯ ಅನುಮಾನ. ಮೂರನೇ ದಿನದ ಹೊತ್ತಿಗೆ ಆ ನೀರಿನಲ್ಲಿ ಅಮೈಲೇಸ್ (ಪ್ಯಾಂಕ್ರಿಯಾಸಿನ ರಸದಲ್ಲಿರುವ ಒಂದು ಎಂಜೈಮ್) ಎಷ್ಟಿದೆ ಎಂದು ಲ್ಯಾಬಿಗೆ ಕಳಿಸುತ್ತಾರೆ. ರಕ್ತದಲ್ಲಿ ಇರಬಹುದಾದ ಗರಿಷ್ಠ ಮಟ್ಟದ ಮೂರು ಪಟ್ಟಿಗಿಂತ ಜಾಸ್ತಿ ಇದ್ದರೆ ಸೋರಿಕೆ ಇದೆ ಎಂದರ್ಥ. ಅಂಕಿ ನೋಡಿದ ಕೂಡಲೇ ಎದೆಗುಂದಬೇಡಿ. ರೋಗಿ ಆರಾಮಿದ್ದು ಅಂಕಿ ಮಾತ್ರ ಜಾಸ್ತಿ ಇದ್ದರೆ ಅದನ್ನು ಈಗ ತೊಡಕು ಎಂದೇ ಎಣಿಸುವುದಿಲ್ಲ. ಜ್ವರ ಬಂದು, ಡ್ರೈನ್ ವಾರಗಟ್ಟಲೆ ಇಡಬೇಕಾಗಿ ಬಂದರೆ ಅದು ನಿಜವಾದ ತೊಡಕು. ಹೆಚ್ಚಿನವು ಆಂಟಿಬಯಾಟಿಕ್, ಡ್ರೈನ್ ಮತ್ತು ತಾಳ್ಮೆಯಿಂದ ವಾಸಿಯಾಗುತ್ತವೆ.

ವಾಸಿಯಾಗದೆ ರಸವು ಹತ್ತಿರದ ರಕ್ತನಾಳವನ್ನು ತಿಂದರೆ ರಕ್ತಸ್ರಾವ. ಇಲ್ಲಿ ಒಂದು ವಿಷಯ ಮನೆಯವರಿಗೆ ಗೊತ್ತಿರಲೇಬೇಕು. ಆಪರೇಷನ್ ಆಗಿ ವಾರ, ಎರಡು ವಾರ ಕಳೆದ ಮೇಲೆ ಡ್ರೈನ್‌ನಲ್ಲಿ ಸ್ವಲ್ಪ ತಾಜಾ ರಕ್ತ ಬಂದು ತಾನಾಗೇ ನಿಂತರೆ, ಅಥವಾ ವಾಂತಿಯಲ್ಲಿ ರಕ್ತ ಕಂಡರೆ, ಮಲ ಟಾರಿನ ಹಾಗೆ ಕಪ್ಪಗಾದರೆ, "ನಿಂತಿತಲ್ಲ ಬಿಡು" ಅನ್ನಬೇಡಿ. ದೊಡ್ಡ ರಕ್ತಸ್ರಾವಕ್ಕೆ ಮುಂಚೆ ಹೀಗೆ ಒಂದು ಸಣ್ಣ ಸೂಚನೆ ಬರುವುದುಂಟು. ಆಗಲೇ ಸಿಟಿ ಆಂಜಿಯೋ, ಅಂದರೆ ರಕ್ತನಾಳಗಳ ಸ್ಕ್ಯಾನ್, ಮಾಡಿದರೆ ತೊಡೆಯ ರಕ್ತನಾಳದ ಮೂಲಕ ಹೋಗಿ ಸೋರುವ ಜಾಗವನ್ನು ಮುಚ್ಚಬಹುದು. ಗಂಟೆಗಳ ಆಟ ಅದು.

ಇನ್ನೊಂದು ತೊಡಕು ಅಪಾಯಕ್ಕಿಂತ ಬೇಸರ ಜಾಸ್ತಿ ಕೊಡುವುದು: ಜಠರ ಕೆಲಸ ಶುರುಮಾಡಲು ತಡಮಾಡುತ್ತದೆ. ಎರಡು ಚಮಚ ಗಂಜಿಗೇ ಹೊಟ್ಟೆ ತುಂಬಿ ವಾಂತಿ. ಮೂಗಿನ ನಳಿಕೆ ಮತ್ತೆ ಹಾಕುತ್ತಾರೆ. ಕೆಲವೊಮ್ಮೆ ವಾರಗಳೇ ಹಿಡಿದರೂ ಸರಿಹೋಗುತ್ತದೆ.

ಒಟ್ಟು ಲೆಕ್ಕ ಹೇಳುವುದಾದರೆ, ವಿಪ್ಪಲ್ ಆದ ಮೂರರಲ್ಲಿ ಒಬ್ಬರಿಂದ ಇಬ್ಬರಲ್ಲಿ ಒಬ್ಬರವರೆಗೆ ಏನಾದರೊಂದು ತೊಡಕು ಕಾಣುತ್ತದೆ. 1960, 70ರ ದಶಕಗಳಲ್ಲಿ ನಾಲ್ಕೈದು ಜನರಲ್ಲಿ ಒಬ್ಬರು ಈ ಆಪರೇಷನ್ನಿಗೇ ತೀರಿಕೊಳ್ಳುತ್ತಿದ್ದರು. ಇದನ್ನು ಬಿಟ್ಟೇಬಿಡಬೇಕು ಎಂದ ಸರ್ಜನ್‌ಗಳೂ ಇದ್ದರು. ಈಗ ಅನುಭವಿ ಕೇಂದ್ರಗಳಲ್ಲಿ ಸಾವು 100ಕ್ಕೆ 5ಕ್ಕಿಂತ ಕಡಿಮೆ. ತೊಡಕುಗಳು ಅಷ್ಟಾಗಿ ಕಡಿಮೆಯಾಗಿಲ್ಲ, ಅವುಗಳಿಂದ ಸಾಯುವವರು ಕಡಿಮೆಯಾಗಿದ್ದಾರೆ. ಬೇಗ ಗುರುತಿಸುವ ನರ್ಸ್, ರಾತ್ರಿ ಎರಡು ಗಂಟೆಗೂ ಸಿಗುವ ಸ್ಕ್ಯಾನ್, ಆಂಜಿಯೋ ಮಾಡುವ ರೇಡಿಯಾಲಜಿಸ್ಟ್, ಒಳ್ಳೆಯ ಐಸಿಯು. ವ್ಯತ್ಯಾಸ ಮಾಡಿದ್ದು ಇವೆಲ್ಲ ಸೇರಿ.

ಅಮೆರಿಕದ ಮೆಡಿಕೇರ್ (ಹೆಚ್ಚಾಗಿ ವಯಸ್ಸಾದವರಿಗಿರುವ ಸರ್ಕಾರಿ ಆರೋಗ್ಯ ವಿಮೆ) ದಾಖಲೆಗಳ ಮೇಲೆ 2002ರಲ್ಲಿ ಬಂದ ದೊಡ್ಡ ಅಧ್ಯಯನ ಇದನ್ನೇ ತೋರಿಸಿತು. ಪ್ಯಾಂಕ್ರಿಯಾಸ್ ಆಪರೇಷನ್ ಅತಿ ವಿರಳವಾಗಿ ಮಾಡುವ ಆಸ್ಪತ್ರೆಗಳಲ್ಲಿ 100ಕ್ಕೆ ಸುಮಾರು 16 ಸಾವು, ಅತಿ ಜಾಸ್ತಿ ಮಾಡುವಲ್ಲಿ 4ಕ್ಕಿಂತ ಕಡಿಮೆ. ಹಾಗಾಗಿ "ವರ್ಷಕ್ಕೆ ಎಷ್ಟು ವಿಪ್ಪಲ್ ಮಾಡ್ತೀರಿ, ಡಾಕ್ಟ್ರೇ?" ಎಂದು ಕೇಳಲು ಸಂಕೋಚ ಪಡಬೇಡಿ. ಒಳ್ಳೆಯ ಸರ್ಜನ್ ಈ ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ. ಮನೆ ಹತ್ತಿರದ ಆಸ್ಪತ್ರೆ ಅನ್ನುವ ಅನುಕೂಲಕ್ಕಿಂತ ಇದು ದೊಡ್ಡದು.

ಕ್ಯಾನ್ಸರಿಗಾಗಿ ಮಾಡಿದ್ದರೆ ಗಡ್ಡೆ ಹುಟ್ಟಿದ್ದು ಎಲ್ಲಿ ಎಂಬುದೂ ಮುಖ್ಯ. ನಾಳಗಳು ತೆರೆಯುವ ದ್ವಾರದ ಬಳಿಯ ಗಡ್ಡೆ ಬೇಗ ಕಾಮಾಲೆ ತರಿಸಿ ಬೇಗ ಸಿಕ್ಕಿಬೀಳುತ್ತದೆ, ಫಲಿತಾಂಶವೂ ಮೇಲು. ಪ್ಯಾಂಕ್ರಿಯಾಸಿನದೇ ಕ್ಯಾನ್ಸರ್ ಕಠಿಣ. ಪತ್ತೆಯಾದಾಗ ಆಪರೇಷನ್ ಸಾಧ್ಯವಿರುವುದೇ ಐವರಲ್ಲಿ ಒಬ್ಬರಿಗೆ. ಆಪರೇಷನ್ ಜೊತೆ ಕೀಮೋ ಸೇರಿದಾಗಲೇ ಆಯಸ್ಸು ಹೆಚ್ಚುತ್ತದೆ. ಅದಕ್ಕೇ ತೊಡಕಿಲ್ಲದೆ ಬೇಗ ಚೇತರಿಸಿಕೊಳ್ಳುವುದು ಇಷ್ಟು ಮುಖ್ಯ. ಸೋರಿಕೆಯಿಂದ ತಿಂಗಳುಗಟ್ಟಲೆ ಮಲಗಿದವರಿಗೆ ಕೀಮೋ ಸಮಯಕ್ಕೆ ಸಿಗುವುದಿಲ್ಲ.

ಊಟದ ತಟ್ಟೆಯ ಮುಂದೆ

ಪ್ಯಾಂಕ್ರಿಯಾಸಿನ ಭಾಗ ಹೋದ ಮೇಲೆ ಅರಗಿಸುವ ರಸ ಕಡಿಮೆಯಾಗುತ್ತದೆ. ಮಲ ಜಿಡ್ಡಾಗಿ, ನಾರುತ್ತಾ, ನೀರಿನ ಮೇಲೆ ತೇಲುತ್ತದೆ. ತೂಕ ಇಳಿಯುತ್ತದೆ. ಎ, ಡಿ, ಇ, ಕೆ ವಿಟಮಿನ್‌ಗಳು ಹತ್ತುವುದಿಲ್ಲ. ಇದಕ್ಕೆ ಎಂಜೈಮ್ ಕ್ಯಾಪ್ಸೂಲ್ ಕೊಡುತ್ತಾರೆ. ಅದನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗುವವರೇ ಜಾಸ್ತಿ. ಹಾಗೆ ಮಾಡಿದರೆ ಊಟ ಬರುವ ಮುಂಚೆಯೇ ಮಾತ್ರೆ ಕೆಲಸ ಮುಗಿಸಿಬಿಡುತ್ತದೆ. ಮೊದಲ ತುತ್ತಿನ ಜೊತೆ ತೆಗೆದುಕೊಳ್ಳಬೇಕು, ಊಟ ದೊಡ್ಡದಿದ್ದರೆ ಡಾಕ್ಟರ್ ಹೇಳಿದಂತೆ ನಡುವೆ ಇನ್ನೊಂದು. ಸಂಜೆ ಬಜ್ಜಿ ತಿಂದರೂ ಬೇಕು. ಈ ಕ್ಯಾಪ್ಸೂಲ್ ಸಾಮಾನ್ಯವಾಗಿ ಹಂದಿಯ ಪ್ಯಾಂಕ್ರಿಯಾಸಿನಿಂದ ತಯಾರಾಗುವುದು. ಸಸ್ಯಾಹಾರಿಗಳಿಗೆ, ಮುಸ್ಲಿಮರಿಗೆ ಇದನ್ನು ಮೊದಲೇ ಹೇಳಬೇಕು ಎಂದು ನನಗನ್ನಿಸುತ್ತದೆ. ಆಮೇಲೆ ಗೊತ್ತಾಗಿ ಹೇಳದೆ ಕೇಳದೆ ಬಿಟ್ಟುಬಿಡುವುದಕ್ಕಿಂತ, ಡಾಕ್ಟರ ಹತ್ತಿರ ಕೂತು ಮಾತಾಡಿ ತೀರ್ಮಾನಿಸುವುದು ಮೇಲು.

ಗ್ರಂಥಿಯ ಬಾಲದ ಭಾಗ ತೆಗೆದವರಿಗೆ ಗುಲ್ಮವೂ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಸ್ಪ್ಲೀನ್ ಕೂಡ, ಹೋಗಿರಬಹುದು. ನ್ಯುಮೋಕಾಕಸ್, ಮೆನಿಂಜೊಕಾಕಸ್, ಹಿಬ್ ಲಸಿಕೆಗಳನ್ನು ಆಗುವುದಾದರೆ ಆಪರೇಷನ್ನಿಗೆ ಎರಡು ವಾರ ಮೊದಲೇ ಹಾಕಿಸಬೇಕು. ಅಂಥವರಿಗೆ ಜೀವನಪೂರ್ತಿ ಜೋರು ಜ್ವರ ಅಂದರೆ ತಕ್ಷಣ ಆಸ್ಪತ್ರೆ.

ಸಕ್ಕರೆ ಕಾಯಿಲೆಯೂ ಹೊಸದಾಗಿ ಬರಬಹುದು. ಇದು ನಮ್ಮ ಮಾಮೂಲಿ ಶುಗರಿನ ಹಾಗಲ್ಲ. ಸಕ್ಕರೆ ಇಳಿಸುವ ಇನ್ಸುಲಿನ್ ಜೊತೆಗೆ, ಇಳಿದ ಸಕ್ಕರೆಯನ್ನು ಮೇಲೆತ್ತುವ ಗ್ಲುಕಗಾನ್ ಕೂಡ ಅದೇ ಗ್ರಂಥಿಯಲ್ಲಿ ತಯಾರಾಗುವುದು. ಎರಡೂ ಕಡಿಮೆಯಾದಾಗ, ಇನ್ಸುಲಿನ್ ತೆಗೆದುಕೊಂಡು ಊಟ ತಡವಾದರೆ ಸಕ್ಕರೆ ಧಡಕ್ಕನೆ ಬೀಳುತ್ತದೆ. ಬೆವರು, ನಡುಕ, ಮಾತು ತಡವರಿಸುವುದು ಕಂಡರೆ ಮೊದಲು ಸಕ್ಕರೆ ನೀರು ಕುಡಿಸಿ, ಮೀಟರ್ ಆಮೇಲೆ ನೋಡಿ. ಹೊರಗೆ ಹೊರಟಾಗ ಜೇಬಿನಲ್ಲಿ ಒಂದು ಪೊಟ್ಟಣ ಗ್ಲೂಕೋಸ್ ಪುಡಿ ಇರಲಿ.